ಜೀವಂತ ಪ್ರಾಣಿಯಲ್ಲಿ ಜೀನ್ ಸುಮ್ಮನಾಗಿಸೋದು ಹೇಗೆ: ಪದೇ ಪದೇ ಕೇಳೋ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಎಂಎಸ್ಸಿ ಹುಡುಗ್ರಿಗೆ ಪಾಠ ಮಾಡ್ತಾ ಇರೋದ್ರಿಂದ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ (ಆರ್‌ಎನ್‌ಎ ಕೊಟ್ಟು ಒಂದು ಜೀನನ್ನ ಸುಮ್ಮನಾಗಿಸೋ ವಿದ್ಯೆ) ಬಗ್ಗೆ ಪ್ರಶ್ನೆಗಳು ಎಲ್ಲಾ ಕಡೆಯಿಂದ್ಲೂ ಬರ್ತಾ ಇರ್ತವೆ, ಕ್ಲಾಸಲ್ಲಿ ಹುಡುಗ್ರು ಕೇಳ್ತಾರೆ, ತೀರ್ಥಹಳ್ಳಿ ಸಾಗರದ ಕಡೆ ಹೋದ್ರೆ ಜೇನು ಸಾಕೋರು ಕೇಳ್ತಾರೆ, ಮದುವೆ ಮನೇಲಿ ಪಂಕ್ತಿಗೆ ಕೂತಾಗ ಪಕ್ಕದ ಎಲೆಯವ್ರೂ ಕೇಳ್ತಾರೆ, ಇನ್ನು ಕೆಲವ್ರು ವಾಟ್ಸಾಪಲ್ಲಿ ಉದ್ದಕ್ಕೆ ಬರೆದು ಕಳಿಸ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನ ಕೇಳಿದವ್ರ ಮಾತಲ್ಲೇ ಇಲ್ಲಿ ಹಾಕಿದೀನಿ. ಸುಲಭದ್ದು ಮೊದಲು, ಲ್ಯಾಬಿನವ್ರಿಗೆ ಬೇಕಾಗಿದ್ದು ಕೊನೆಗೆ. ಒಂದು ವಿಷಯ ಮಾತ್ರ ಮೊದಲೇ ಹೇಳ್ಬಿಡ್ತೀನಿ: ಈ ಕೆಲಸದಲ್ಲಿ ಜೀನ್ ಸುಮ್ಮನಾಗಿಸೋದು ಅಷ್ಟು ಕಷ್ಟ ಅಲ್ಲ, ಆರ್‌ಎನ್‌ಎನ ಬೇಕಾದ ಜೀವಕೋಶದ ಒಳಗೆ ಹಾಳಾಗದೆ ತಲುಪಿಸೋದೇ ಕಷ್ಟ. ಕೆಳಗೆ ಬರೋ ಮುಕ್ಕಾಲು ಪ್ರಶ್ನೆಗಳ ಉತ್ತರ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತೆ.

## ಶುರುವಿನ ಪ್ರಶ್ನೆಗಳು

ಎಂಥ ಮಾರಾಯ್ರೆ ಇದು, ಜೀನಿನ ಬಾಯಿ ಮುಚ್ಚಿಸೋದು ಅಂದ್ರೆ?

ಡಿಎನ್‌ಎ ಅನ್ನೋದು ತಾಲೂಕು ಆಫೀಸಿನ ರೆಕಾರ್ಡ್ ರೂಮಲ್ಲಿರೋ ಮೂಲ ಕಡತ ಅಂದ್ಕೊಳಿ. ಕೆಲಸ ಆಗ್ಬೇಕಾದ್ರೆ ಅದರ ನಕಲು ಹೊರಗೆ ಬರ್ಬೇಕು, ಪಹಣಿ ತೆಗೆಸ್ತೀವಲ್ಲ ಹಾಗೆ. ಆ ನಕಲೇ ಮೆಸೆಂಜರ್ ಆರ್‌ಎನ್‌ಎ, ಅದನ್ನ ಓದಿ ಜೀವಕೋಶ ಪ್ರೋಟೀನ್ ತಯಾರು ಮಾಡುತ್ತೆ. ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಮಾಡಿದಾಗ ಮೂಲ ಕಡತಕ್ಕೆ ಯಾರೂ ಕೈ ಹಾಕಲ್ಲ, ಹೊರಗೆ ಬಂದ ಒಂದು ನಿರ್ದಿಷ್ಟ ನಕಲನ್ನ ಮಾತ್ರ ಹರಿದು ಹಾಕ್ತಾರೆ.

ಹರಿಯೋದು ಹೇಗೆ ಅಂದ್ರೆ, ನಮಗೆ ಬೇಕಾದ ಜೀನಿನ ಅನುಕ್ರಮಕ್ಕೆ ಸರಿಹೊಂದೋ ಜೋಡಿ ಎಳೆಯ ಆರ್‌ಎನ್‌ಎನ ಜೀವಕೋಶದೊಳಗೆ ಕಳಿಸ್ತಾರೆ. ಒಳಗೆ ಡೈಸರ್ ಅನ್ನೋ ಕಿಣ್ವ ಅದನ್ನ 21ರಿಂದ 23 ಅಕ್ಷರದ (ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿಗೆ ಅಕ್ಷರ ಅಂತೀನಿ) ಸಣ್ಣ ತುಂಡುಗಳಾಗಿ ಕತ್ತರಿಸುತ್ತೆ. ಆ ತುಂಡು ರಿಸ್ಕ್ ಅನ್ನೋ ಪ್ರೋಟೀನ್ ಗುಂಪಿಗೆ ಸೇರ್ಕೊಳುತ್ತೆ, ಅಲ್ಲಿ ಎರಡು ಎಳೆಯಲ್ಲಿ ಒಂದು ಬಿದ್ದು ಹೋಗಿ ಇನ್ನೊಂದು ದಾರಿ ತೋರಿಸೋಕೆ ಉಳಿಯುತ್ತೆ. ಅದಕ್ಕೆ ಹೊಂದೋ ಮೆಸೆಂಜರ್ ಸಿಕ್ಕಿದ ಕೂಡ್ಲೆ ಗುಂಪಿನಲ್ಲಿರೋ ಆರ್ಗೊನಾಟ್ ಅನ್ನೋ ಪ್ರೋಟೀನ್ ಅದನ್ನ ಕತ್ತರಿಸುತ್ತೆ. ಒಂದೇ ರಿಸ್ಕ್ ಒಂದಾದ ಮೇಲೊಂದು ಎಷ್ಟೋ ಮೆಸೆಂಜರ್ ಕತ್ತರಿಸಬಲ್ಲದು, ಅದಕ್ಕೇ ಸ್ವಲ್ಪ ಕೊಟ್ರೂ ಪರಿಣಾಮ ದೊಡ್ಡದು.

ಕ್ರಿಸ್ಪರ್ ಅಂತಾರಲ್ಲ, ಅದೂ ಇದೂ ಒಂದೇನಾ?

ಅಲ್ಲ. ಕ್ರಿಸ್ಪರ್ ಡಿಎನ್‌ಎನೇ ಕತ್ತರಿಸುತ್ತೆ, ಅಲ್ಲಾದ ಬದಲಾವಣೆ ಹಾಗೇ ಉಳಿಯುತ್ತೆ. ಇಲ್ಲಿ ಡಿಎನ್‌ಎ ಇದ್ದ ಹಾಗೇ ಇರುತ್ತೆ, ಪ್ರೋಟೀನ್ ಕಮ್ಮಿ ಆಗುತ್ತೆ ಅಷ್ಟೆ, ಕೊಟ್ಟ ಆರ್‌ಎನ್‌ಎ ಕರಗಿದ ಮೇಲೆ ಮತ್ತೆ ವಾಪಸ್ ಬರುತ್ತೆ. ಹಾಗಂತ ಇದು ಕ್ರಿಸ್ಪರ್‌ಗಿಂತ ಕೀಳು ಅಂತ ತಿಳ್ಕೋಬೇಡಿ. ಕೆಲವು ಜೀನ್ ಪೂರ್ತಿ ತೆಗೆದ್ರೆ ಪ್ರಾಣಿ ಭ್ರೂಣದಲ್ಲೇ ಸತ್ತು ಹೋಗುತ್ತೆ, ಅಂಥ ಜೀನ್ ದೊಡ್ಡ ಪ್ರಾಣಿಯಲ್ಲಿ ಏನು ಮಾಡುತ್ತೆ ಅಂತ ನೋಡ್ಬೇಕಾದ್ರೆ ಬೆಳೆದ ಮೇಲೆ ಅರ್ಧಕ್ಕೆ ಇಳಿಸಿ ನೋಡೋದೇ ಒಳ್ಳೆ ದಾರಿ. ಔಷಧಿ ಕೂಡ ಸಾಮಾನ್ಯವಾಗಿ ಪ್ರೋಟೀನನ್ನ ಪೂರ್ತಿ ಅಳಿಸಲ್ಲ, ಅದರ ಕೆಲಸ ಕಮ್ಮಿ ಮಾಡುತ್ತೆ, ಹಂಗಾಗಿ ಔಷಧಿಯ ಪರಿಣಾಮ ಹೆಂಗಿರಬಹುದು ಅಂತ ಮೊದಲೇ ಅಂದಾಜು ಮಾಡೋಕೂ ಇದು ಹತ್ತಿರ.

ಇದನ್ನ ಯಾರು ಕಂಡ್‌ಹಿಡಿದಿದ್ದು, ಯಾವಾಗ?

ಸುಳಿವು ಮೊದಲು ಸಿಕ್ಕಿದ್ದು ಗಿಡದಲ್ಲಿ. 1990ರಲ್ಲಿ ಪೆಟೂನಿಯಾ ಹೂವಿನ ಬಣ್ಣ ಗಾಢ ಮಾಡೋಣ ಅಂತ ಬಣ್ಣದ ಜೀನನ್ನ ಇನ್ನೊಂದು ಪ್ರತಿ ಸೇರಿಸಿದ್ರೆ, ಕೆಲವು ಹೂವು ಬೆಳ್ಳಗೆ ಬಂದ್ವು. 1995ರಲ್ಲಿ ಸಿ. ಎಲೆಗನ್ಸ್ ಅನ್ನೋ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಇನ್ನೊಂದು ವಿಚಿತ್ರ ಕಂಡ್ತು, ಮೆಸೆಂಜರ್‌ಗೆ ವಿರುದ್ಧವಾದ ಎಳೆ ಹಾಕಿದ್ರೂ ಜೀನ್ ಸುಮ್ಮನಾಗುತ್ತೆ, ಮೆಸೆಂಜರ್ ತರದ್ದೇ ಎಳೆ ಹಾಕಿದ್ರೂ ಸುಮ್ಮನಾಗುತ್ತೆ. ಎರಡೂ ಹೇಗೆ ಸಾಧ್ಯ?

1998ರಲ್ಲಿ ಆಂಡ್ರೂ ಫೈರ್, ಕ್ರೇಗ್ ಮೆಲ್ಲೋ ಮತ್ತೆ ಅವರ ಜೊತೆಯವ್ರು ಅದೇ ಹುಳದ ಮೇಲೆ ಉತ್ತರ ಹುಡುಕಿದ್ರು. ಒಂಟಿ ಎಳೆಗಳನ್ನ ಚೆನ್ನಾಗಿ ಶುದ್ಧ ಮಾಡಿ ಕೊಟ್ರೆ ಪರಿಣಾಮ ಬಹಳ ಕಮ್ಮಿ, ಎರಡನ್ನೂ ಜೋಡಿ ಮಾಡಿ ಕೊಟ್ರೆ ಜೋರು. ಅಂದ್ರೆ ಮೊದಲಿನ ಪ್ರಯೋಗಗಳಲ್ಲಿ ಕೆಲಸ ಮಾಡ್ತಾ ಇದ್ದಿದ್ದು ಕಲಬೆರಕೆಯಾಗಿ ಬಂದಿದ್ದ ಜೋಡಿ ಎಳೆ. ಜೀವಕೋಶಕ್ಕೆ ಕೆಲವೇ ಕೆಲವು ಅಣು ಸಿಕ್ಕಿದ್ರೂ ಸಾಕಾಗ್ತಿತ್ತು. 2006ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಎಂಟೇ ವರ್ಷದಲ್ಲಿ. ನೊಬೆಲ್ ಲೆಕ್ಕದಲ್ಲಿ ಇದು ಬಹಳ ಬೇಗ.

ನಮ್ ಮೈಯೊಳಗೂ ಈ ವ್ಯವಸ್ಥೆ ಇದ್ಯಾ ಅಥ್ವಾ ಬರೀ ಹುಳಕ್ಕಾ?

ಇದೆ. ನಮ್ಮ ಜೀವಕೋಶಗಳು ಮೈಕ್ರೋ ಆರ್‌ಎನ್‌ಎ ಅನ್ನೋ ಸಣ್ಣ ತುಂಡುಗಳನ್ನ ತಾವೇ ಮಾಡ್ಕೊಂಡು ಸಾವಿರಾರು ಜೀನ್‌ಗಳನ್ನ ಹದದಲ್ಲಿ ಇಡ್ತವೆ, ಅದಕ್ಕೆ ಬೇಕಾಗೋದು ಇದೇ ಡೈಸರ್, ಇದೇ ಆರ್ಗೊನಾಟ್. ಮೊದಲ ಮೈಕ್ರೋ ಆರ್‌ಎನ್‌ಎ ಸಿಕ್ಕಿದ್ದು 1993ರಲ್ಲಿ, ಅದೂ ಇದೇ ಹುಳದಲ್ಲಿ, 2024ರ ವೈದ್ಯಕೀಯ ನೊಬೆಲ್ ಅದಕ್ಕೇ ಹೋಯ್ತು. ಡೈಸರ್ ಇಲ್ಲದ ಇಲಿ ಹುಟ್ಟೋದೇ ಇಲ್ಲ, ಭ್ರೂಣದಲ್ಲೇ ಸಾಯುತ್ತೆ.

ಆದ್ರೆ ನಮ್ಮಂಥ ಸಸ್ತನಿಗಳಲ್ಲಿ ಒಂದು ತೊಡಕಿದೆ. ಸುಮಾರು 30 ಅಕ್ಷರಕ್ಕಿಂತ ಉದ್ದದ ಜೋಡಿ ಎಳೆ ಸಿಕ್ಕಿದ್ರೆ ಜೀವಕೋಶ ಅದನ್ನ ವೈರಸ್ ಅಂತ ತಿಳ್ಕೊಂಡು ಇಂಟರ್‌ಫೆರಾನ್ ಅನ್ನೋ ಎಚ್ಚರಿಕೆ ಪ್ರೋಟೀನ್ ಎಬ್ಬಿಸಿ ಎಲ್ಲಾ ಪ್ರೋಟೀನ್ ತಯಾರಿನೂ ನಿಲ್ಲಿಸಿಬಿಡುತ್ತೆ. ಹಂಗಾಗಿ ಹುಳಕ್ಕೆ ಕೊಡೋ ಉದ್ದದ ಆರ್‌ಎನ್‌ಎ ಇಲ್ಲಿ ನಡೆಯಲ್ಲ. ಡೈಸರ್ ಕತ್ತರಿಸಿದ ಮೇಲೆ ಬರೋ 21 ಅಕ್ಷರದ ತುಂಡನ್ನೇ ನೇರ ಕೊಟ್ರೆ ಈ ಗಲಾಟೆ ತಪ್ಪುತ್ತೆ ಅಂತ 2001ರಲ್ಲಿ ಥಾಮಸ್ ಟುಷ್ಲ್ ಅವರ ತಂಡ ತೋರಿಸಿತು. ಆ ತುಂಡಿಗೇ ಎಸ್‌ಐ ಆರ್‌ಎನ್‌ಎ ಅಂತಾರೆ.

## ಬೇರೆ ಬೇರೆ ಪ್ರಾಣಿಗೆ ಕೊಡೋ ಬಗೆ

ಹುಳಕ್ಕೆ ಬರೀ ತಿನ್ನಿಸಿದ್ರೆ ಸಾಕಂತೆ, ಹೌದಾ ಸರ್?

ಹೌದು, ಮೊದಲ ಸಲ ನೋಡಿದವ್ರಿಗೆ ನಂಬೋಕೆ ಆಗಲ್ಲ. ಸಿ. ಎಲೆಗನ್ಸ್ ಊಟ ಮಾಡೋದೇ ಬ್ಯಾಕ್ಟೀರಿಯಾ. ಹಾಗಾಗಿ ಜೋಡಿ ಎಳೆ ಆರ್‌ಎನ್‌ಎ ತಯಾರು ಮಾಡೋ ಬ್ಯಾಕ್ಟೀರಿಯಾನೇ ಬೆಳೆಸಿ ತಿನ್ನೋಕೆ ಹಾಕಿದ್ರಾಯ್ತು. ಇದಕ್ಕೆ ಬಳಸೋದು ಎಚ್‌ಟಿ115 ಅನ್ನೋ ಇ. ಕೋಲೈ ತಳಿ, ಯಾಕಂದ್ರೆ ಜೋಡಿ ಎಳೆಯನ್ನ ಕಡಿದು ಹಾಕೋ ಕಿಣ್ವ ಅದರಲ್ಲಿ ಇಲ್ಲ. ಜೀನಿನ ತುಂಡನ್ನ ಎಲ್4440 ಅನ್ನೋ ಪ್ಲಾಸ್ಮಿಡ್‌ಗೆ (ಬ್ಯಾಕ್ಟೀರಿಯಾದೊಳಗೆ ಇರೋ ಸಣ್ಣ ಡಿಎನ್‌ಎ ಉಂಗುರ) ಸೇರಿಸ್ತಾರೆ, ತುಂಡಿನ ಎರಡೂ ಬದಿಗೆ ಆರ್‌ಎನ್‌ಎ ನಕಲು ಶುರು ಮಾಡಿಸೋ ಟಿ7 ಪ್ರೊಮೋಟರ್ ಇರೋದ್ರಿಂದ ಎರಡೂ ದಿಕ್ಕಿಂದ ಆರ್‌ಎನ್‌ಎ ಬಂದು ತಾನೇ ಜೋಡಿ ಆಗುತ್ತೆ. ಅಗಾರ್ ಪ್ಲೇಟಿಗೆ ಆ ತಯಾರಿಗೆ ಚಾಲನೆ ಕೊಡೋ ಐಪಿಟಿಜಿ ಅನ್ನೋ ರಾಸಾಯನಿಕ ಹಾಕಿ ಬ್ಯಾಕ್ಟೀರಿಯಾ ಹಚ್ಚಿ, ಇನ್ನೂ ಮೊಟ್ಟೆ ಇಡದ ಎಲ್4 ಹಂತದ ಹುಳ ಬಿಟ್ಟು 20 ಡಿಗ್ರಿಯಲ್ಲಿ ಇಡೋದು, ಅದರ ಮರಿಗಳನ್ನ ನೋಡೋದು.

ಹೊಸಬ್ರಿಗೆ ನಾನು ಯಾವಾಗ್ಲೂ ಅನ್ಕ್-22 ಜೀನಿಂದ ಶುರು ಮಾಡಿ ಅಂತ ಹೇಳ್ತೀನಿ. ಅದು ಸ್ನಾಯುವಿನ ಪ್ರೋಟೀನ್. ಅದು ಕಮ್ಮಿಯಾದ ಹುಳ ಸಲೀಸಾಗಿ ಹರಿಯಲ್ಲ, ಮೈತುಂಬ ಸಣ್ಣಗೆ ಅದುರುತ್ತೆ, ಮೈಕ್ರೋಸ್ಕೋಪ್ ಕೆಳಗೆ ಪ್ಲೇಟ್ ಇಟ್ಟ ಕೂಡ್ಲೆ ಯಾವುದು ಆಗಿದೆ ಯಾವುದು ಆಗಿಲ್ಲ ಅಂತ ಗೊತ್ತಾಗುತ್ತೆ. ಹೊಟ್ಟೆಗೆ ಹೋದ ಆರ್‌ಎನ್‌ಎ ಸ್ನಾಯುವರೆಗೆ ಹೋಗೋದು ಹೇಗೆ ಅಂದ್ರೆ, ಈ ಹುಳದ ಜೀವಕೋಶದ ಪೊರೆಯಲ್ಲಿ ಸಿಡ್-1 ಅನ್ನೋ ಪ್ರೋಟೀನ್ ಇದೆ, ಅದು ಜೋಡಿ ಎಳೆಯನ್ನ ಒಳಗೆ ಬಿಟ್ಕೊಳುತ್ತೆ, ಹಂಗಾಗಿ ಮೈಯೆಲ್ಲಾ ಹರಡುತ್ತೆ. ಈ ಅನುಕೂಲದಿಂದಲೇ 2003ರ ಹೊತ್ತಿಗೆ ಜೂಲಿ ಆರಿಂಜರ್ ತಂಡ 16,757 ಬ್ಯಾಕ್ಟೀರಿಯಾ ಕ್ಲೋನ್‌ಗಳ ಸಂಗ್ರಹ ಮಾಡಿ, ಹುಳದ ಸುಮಾರು 86 ಪರ್ಸೆಂಟ್ ಜೀನ್‌ಗಳನ್ನ ಒಂದೊಂದಾಗಿ ಸುಮ್ಮನಾಗಿಸಿ ನೋಡೋಕೆ ಆಗಿದ್ದು.

ಹಾಗಾದ್ರೆ ಇಲಿಗೋ ದನಕ್ಕೋ ಹಿಂಡೀಲಿ ಕಲಸಿ ಕೊಟ್ರೆ ಆಗಲ್ವಾ?

ಆಗಲ್ಲ. ಹೊಟ್ಟೆಯಲ್ಲೇ ಜೀರ್ಣ ಆಗಿ ಹೋಗುತ್ತೆ. ರಕ್ತಕ್ಕೇ ಚುಚ್ಚಿದ್ರೂ ಅಲ್ಲಿರೋ ಕಿಣ್ವಗಳು ಕೆಲವೇ ನಿಮಿಷದಲ್ಲಿ ಕಡಿದು ಹಾಕ್ತವೆ, ಉಳಿದಿದ್ದನ್ನ ಕಿಡ್ನಿ ಸೋಸಿ ಮೂತ್ರಕ್ಕೆ ಕಳಿಸುತ್ತೆ. ಇಷ್ಟೆಲ್ಲ ದಾಟಿ ಜೀವಕೋಶದ ಹತ್ರ ಬಂದ್ರೂ ಆರ್‌ಎನ್‌ಎಗೆ ಋಣ ವಿದ್ಯುದಂಶ ಇರೋದ್ರಿಂದ ಎಣ್ಣೆಯಂಶದ ಪೊರೆ ಒಳಗೆ ಬಿಡಲ್ಲ.

ಬೆಳೆದ ಇಲಿಯಲ್ಲಿ ಇದು ಸಾಧ್ಯ ಅಂತ 2002ರಲ್ಲಿ ತೋರಿಸಿದ್ರು, ಅವಾಗ ಮಾಡಿದ್ದು ಒಂದು ಒರಟು ವಿಧಾನ: ಸುಮಾರು 20 ಗ್ರಾಂ ತೂಕದ ಇಲಿಯ ಬಾಲದ ರಕ್ತನಾಳಕ್ಕೆ ಎರಡು ಮಿಲಿಲೀಟರ್‌ನಷ್ಟು ದ್ರವವನ್ನ ಕೆಲವೇ ಸೆಕೆಂಡಲ್ಲಿ ನೂಕೋದು, ಆ ಒತ್ತಡಕ್ಕೆ ಲಿವರಿನ ಜೀವಕೋಶಗಳು ಒಂದು ಕ್ಷಣ ಬಾಯಿ ತೆರೀತವೆ. ಇಲಿಯ ಒಟ್ಟು ರಕ್ತವೇ ಹೆಚ್ಚುಕಮ್ಮಿ ಅಷ್ಟಿರುತ್ತೆ, ಮನುಷ್ಯರಿಗೆ ಹೀಗೆ ಮಾಡೋ ಮಾತೇ ಇಲ್ಲ. ಆಮೇಲೆ ಬಂದ ದಾರಿಗಳು ನಯವಾದವು. ಅಕ್ಷರಗಳಿಗೆ ಮೀಥೈಲ್, ಫ್ಲೋರಿನ್ ಸೇರಿಸಿ ಕಿಣ್ವ ಕಡಿಯದ ಹಾಗೆ ಮಾಡಿದ್ರು, ಕೊಬ್ಬಿನ ಸಣ್ಣ ಕಣಗಳ ಒಳಗೆ ಇಟ್ರು, ಗ್ಯಾಲ್‌ನ್ಯಾಕ್ ಅನ್ನೋ ಸಕ್ಕರೆ ಅಂಟಿಸಿದ್ರು. ಈ ಸಕ್ಕರೆಯನ್ನ ಹಿಡಿಯೋ ರಿಸೆಪ್ಟರ್ ಲಿವರ್ ಜೀವಕೋಶದ ಮೇಲೆ ಲಕ್ಷಗಟ್ಟಲೆ ಇರೋದ್ರಿಂದ ಅದು ನೇರ ಅಲ್ಲಿಗೇ ಹೋಗುತ್ತೆ.

ಅಡಿಕೆ ಬೇರುಹುಳಕ್ಕೆ ಇದರಲ್ಲಿ ಏನಾದ್ರೂ ಔಷಧಿ ಇದ್ಯಾ? ಕೊಳೆಗೆ?

ಕೊಳೆರೋಗ ಫೈಟಾಫ್ತೊರಾ ಅನ್ನೋ ಶಿಲೀಂಧ್ರದಂಥ ಜೀವಿಯಿಂದ ಬರೋದು, ಅದು ಪ್ರಾಣಿ ಅಲ್ಲ, ಅದರ ಕಥೆ ಬೇರೆ. ಬೇರುಹುಳ ಮಾತ್ರ ಜೀರುಂಡೆಯ ಮರಿ, ಮತ್ತೆ ಜೀರುಂಡೆ ಜಾತಿಗಳಿಗೆ ಈ ವಿದ್ಯೆ ಬೇರೆ ಕೀಟಗಳಿಗಿಂತ ಚೆನ್ನಾಗಿ ನಾಟುತ್ತೆ. ಚಿಟ್ಟೆ ಪತಂಗದ ಹುಳಗಳಿಗೆ ತಿನ್ನಿಸಿದ್ರೆ ಸಾಮಾನ್ಯವಾಗಿ ಸರಿಯಾಗಿ ಕೆಲಸ ಮಾಡಲ್ಲ, ಅವುಗಳ ಹೊಟ್ಟೆ ಮತ್ತೆ ರಕ್ತದ ಕಿಣ್ವಗಳು ಆರ್‌ಎನ್‌ಎನ ಬೇಗ ಮುಗಿಸಿಬಿಡ್ತವೆ.

ಅಮೆರಿಕದಲ್ಲಿ ಆಲೂಗಡ್ಡೆ ತಿನ್ನೋ ಕೊಲರಾಡೊ ಜೀರುಂಡೆಗೆ ಅಂತ ಲೆಡ್‌ಪ್ರೋನಾ ಅನ್ನೋ ಸಿಂಪಡಿಸೋ ಆರ್‌ಎನ್‌ಎಗೆ 2023ರ ಡಿಸೆಂಬರಲ್ಲಿ ಅನುಮತಿ ಸಿಕ್ತು. ಆದ್ರೆ ಅದನ್ನ ತಂದು ನಮ್ಮ ತೋಟಕ್ಕೆ ಹಾಕಿದ್ರೆ ಪ್ರಯೋಜನ ಇಲ್ಲ, ಆ ಆರ್‌ಎನ್‌ಎ ಆ ಜೀರುಂಡೆಯ ಅನುಕ್ರಮಕ್ಕೆ ಹೊಲಿದಿದ್ದು, ಬೇರುಹುಳದ್ದು ಬೇರೆ. ಇನ್ನೊಂದು, ಆಲೂಗಡ್ಡೆ ಜೀರುಂಡೆ ಎಲೆ ತಿನ್ನುತ್ತೆ, ಎಲೆ ಮೇಲೆ ಸಿಂಪಡಿಸಬಹುದು. ನಮ್ದು ಮಣ್ಣಿನ ಕೆಳಗೆ ಬೇರು ತಿಂತಾ ಕೂತಿರುತ್ತೆ, ಮಣ್ಣಲ್ಲಿ ಜೋಡಿ ಎಳೆ ಆರ್‌ಎನ್‌ಎ ಕೆಲವೇ ದಿನಕ್ಕೆ ಕರಗಿ ಹೋಗುತ್ತೆ. ಪರಿಸರಕ್ಕೆ ಅದು ಒಳ್ಳೇದೇ, ಬೇರುಹುಳ ಹಿಡಿಯೋಕೆ ಮಾತ್ರ ಅಡ್ಡಿ. ಯಾರಾದ್ರೂ ಈ ಹೆಸರು ಹೇಳ್ಕೊಂಡು ಬಾಟ್ಲಿ ಮಾರೋಕೆ ಬಂದ್ರೆ ದಯವಿಟ್ಟು ಕೃಷಿ ವಿವಿಯವ್ರನ್ನ ಕೇಳದೆ ದುಡ್ಡು ಕೊಡ್ಬೇಡಿ.

ನಮ್ಮ ತುಡುವೆ ಪೆಟ್ಟಿಗೆಗಳು ಥಾಯ್ ಸ್ಯಾಕ್‌ಬ್ರೂಡಲ್ಲಿ ಖಾಲಿ ಆಗಿದ್ವು, ಅದಕ್ಕೆ ಇದು ಆಗುತ್ತಾ?

ಈ ಪ್ರಶ್ನೆ ಕೇಳೋ ಹಿರಿಯರ ಮುಖ ನೋಡಿದ್ರೆ ಹೊಟ್ಟೆ ಚುರುಕ್ ಅನ್ನುತ್ತೆ. ತೊಂಬತ್ತರ ದಶಕದ ಶುರುವಿನಲ್ಲಿ ಆ ವೈರಸ್ ಬಂದಾಗ ಮಲೆನಾಡಲ್ಲಿ ಪೆಟ್ಟಿಗೆಗೆ ಪೆಟ್ಟಿಗೆ ನೆಲಸಮ ಆಯ್ತು, ಮರಿಹುಳ ಪ್ಯೂಪಾ ಆಗೋ ಮೊದಲೇ ನೀರು ತುಂಬಿದ ಚೀಲ ಆಗಿ ಎರಿಯ ಕಣ್ಣಲ್ಲೇ ಸಾಯ್ತಿತ್ತು.

ಉತ್ತರ: ಪ್ರಯೋಗದ ಮಟ್ಟದಲ್ಲಿ ಆಗಿದೆ. ಆ ವೈರಸ್ಸಿನ ಹತ್ತಿರದ ಸಂಬಂಧಿ, ಚೀನೀ ಸ್ಯಾಕ್‌ಬ್ರೂಡ್ ವೈರಸ್ಸಿನ ಜೀನಿಗೆ ಹೊಂದೋ ಜೋಡಿ ಎಳೆಯನ್ನ ತುಡುವೆ ಮರಿಗಳಿಗೆ ಆಹಾರದಲ್ಲಿ ಕೊಟ್ರೆ ಸೋಂಕು ತಗ್ಗುತ್ತೆ ಅಂತ ಚೀನಾದವ್ರು 2010ರಲ್ಲಿ ತೋರಿಸಿದಾರೆ. ಜೇನಿಗೆ ಒಂದು ದೊಡ್ಡ ಅನುಕೂಲ ಇದೆ, ಸಕ್ಕರೆ ಪಾಕದಲ್ಲಿ ಕಲಸಿ ಇಟ್ರೆ ದುಡಿಯೋ ಹುಳಗಳೇ ತಿಂದು ಮರಿಗಳಿಗೆ ಹಂಚ್ತವೆ, ತಲುಪಿಸೋ ಕೆಲಸ ಅವೇ ಮಾಡ್ತವೆ. ಎಲ್ಲಿವರೆಗೆ ಅಂದ್ರೆ, 2012ರಲ್ಲಿ ಯುರೋಪಿನ ಮೆಲ್ಲಿಫೆರಾ ಜೇನಿಗೆ ವರೋವಾ ನುಸಿಯ ಜೀನಿಗೆ ಹೊಂದೋ ಆರ್‌ಎನ್‌ಎ ತಿನ್ನಿಸಿದ್ರು, ಅದು ಜೇನಿಂದ ನುಸಿಯ ಮೈಗೆ ಹೋಗಿ ನುಸಿಯ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಇಳೀತು.

ಇನ್ನೊಂದು ಹೇಳ್ದೆ ಇರೋಕಾಗಲ್ಲ. 2008ರಲ್ಲಿ ಆಸ್ಟ್ರೇಲಿಯಾದಲ್ಲಿ ಜೇನಿನ ಮರಿಯಲ್ಲಿ ಡಿಎನ್‌ಎಂಟಿ3 ಅನ್ನೋ ಒಂದೇ ಒಂದು ಜೀನ್ ಸುಮ್ಮನಾಗಿಸಿದ್ರು, ಹೆಚ್ಚಿನ ಮರಿಗಳು ಕೆಲಸಗಾರ ಆಗೋ ಬದಲು ರಾಣಿ ಆಗಿ ಹೊರಗೆ ಬಂದ್ವು, ಅಂಡಾಶಯ ಪೂರ್ತಿ ಬೆಳೆದಿತ್ತು. ರಾಜಶಾಹಿರಸ ಮಾಡೋ ಕೆಲಸದ ಒಳಗುಟ್ಟು ಆ ಪ್ರಯೋಗದಿಂದ ಸ್ವಲ್ಪ ಬಿಚ್ಕೊಂಡ್ತು.

ಮಂಗನ ಕಾಯಿಲೆ ಉಣುಗನ್ನ ಇದರಿಂದ ನಾಶ ಮಾಡಬಹುದಲ್ವಾ?

ಕಾಡಿಗೆ ಹೋಗಿ ನಾಶ ಮಾಡೋಕೆ ಆಗಲ್ಲ, ಆದ್ರೆ ಉಣುಗನ್ನ ಅರ್ಥ ಮಾಡ್ಕೊಳೋಕೆ ಇದಕ್ಕಿಂತ ಒಳ್ಳೆ ಸಾಧನ ಸಿಗೋದು ಕಷ್ಟ. ಉಣುಗಿನ ಜೀವನ ಚಕ್ರ ಉದ್ದ, ಜೀನ್ ಬದಲಾಯಿಸಿದ ತಳಿ ಮಾಡೋದು ದೊಡ್ಡ ತಲೆನೋವು, ಜೋಡಿ ಎಳೆ ಚುಚ್ಚಿದ್ರೆ ಮಾತ್ರ ಸಲೀಸಾಗಿ ಸುಮ್ಮನಾಗುತ್ತೆ. ಸಬೊಲೆಸಿನ್ ಅನ್ನೋ ಜೀನ್ ಸುಮ್ಮನಾಗಿಸಿದ ಉಣುಗು ರಕ್ತ ಸರಿಯಾಗಿ ಹೀರಲ್ಲ, ಮೊಟ್ಟೆ ಕಮ್ಮಿ, ಬಹಳಷ್ಟು ಸಾಯ್ತವೆ. ಹೀಗೆ ಯಾವ ಪ್ರೋಟೀನ್ ಇಲ್ಲದೆ ಉಣುಗು ಬದುಕಲ್ಲ ಅಂತ ಹುಡುಕಿ, ಆ ಪ್ರೋಟೀನಿನ ವಿರುದ್ಧ ದನಕ್ಕೆ ಲಸಿಕೆ ಮಾಡೋದು ಮುಂದಿನ ಹೆಜ್ಜೆ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಿಂದ ಹೊರಬಂದ ರೋಗ ಇದು, ನಮ್ಮ ಊರಿನ ಹೆಸರಲ್ಲೇ ಪ್ರಪಂಚಕ್ಕೆ ಗೊತ್ತಿರೋದು. ಇದನ್ನ ಹರಡೋ ಮುಖ್ಯ ಉಣುಗು ಹೀಮಾಫೈಸಾಲಿಸ್ ಸ್ಪಿನಿಜೆರಾ, ಅದರ ಮೇಲೆ ಇಂಥ ಕೆಲಸ ಇಲ್ಲೇ ನಮ್ಮ ಹುಡುಗ್ರೇ ಮಾಡ್ಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಅಲ್ಲಿವರೆಗೆ ಸೊಪ್ಪಿಗೆ ದರಗಿಗೆ ಹೋಗೋವಾಗ ಮೈಗೆ ಡೇಪಾ ಎಣ್ಣೆ ಹಚ್ಕೊಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ.

## ಮನುಷ್ಯರಿಗೆ

ಅಪ್ಪಯ್ಯಂಗೆ ಕೊಲೆಸ್ಟ್ರಾಲ್‌ಗೆ ವರ್ಷಕ್ಕೆ ಎರಡೇ ಇಂಜೆಕ್ಷನ್ ಅಂದ್ರು ಡಾಕ್ಟ್ರು, ಅದು ಇದೇನಾ?

ಅವ್ರು ಹೇಳಿದ್ದು ಇನ್‌ಕ್ಲಿಸಿರಾನ್ ಆಗಿದ್ರೆ, ಹೌದು. ಲಿವರಲ್ಲಿ ಪಿಸಿಎಸ್‌ಕೆ9 ಅನ್ನೋ ಪ್ರೋಟೀನ್ ತಯಾರಾಗೋದನ್ನ ತಗ್ಗಿಸುತ್ತೆ, ಆಗ ಲಿವರ್ ರಕ್ತದಿಂದ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಜಾಸ್ತಿ ಎಳ್ಕೊಳುತ್ತೆ, ಎಲ್‌ಡಿಎಲ್ ಸುಮಾರು ಅರ್ಧಕ್ಕೆ ಇಳಿಯುತ್ತೆ. ಮೊದಲ ಡೋಸ್, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಂದು. ಗುಳಿಗೆ ನಿಲ್ಲಿಸೋದು ಬಿಡೋದು ಡಾಕ್ಟ್ರು ಹೇಳ್ಬೇಕು, ನಾವು ತೀರ್ಮಾನ ಮಾಡೋ ವಿಷಯ ಅಲ್ಲ.

ಈ ಜಾತಿಯ ಮೊದಲ ಔಷಧಿ ಪ್ಯಾಟಿಸಿರಾನ್, 2018ರ ಆಗಸ್ಟಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಆಯ್ತು, ಟ್ರಾನ್ಸ್‌ಥೈರೆಟಿನ್ ಅನ್ನೋ ಪ್ರೋಟೀನ್ ಕೆಟ್ಟು ನರಗಳಲ್ಲಿ ಕಟ್ಕೊಳೋ ಒಂದು ಆನುವಂಶಿಕ ರೋಗಕ್ಕೆ. ಆಮೇಲೆ ಗಿವೊಸಿರಾನ್, ಲುಮಾಸಿರಾನ್, ವುಟ್ರಿಸಿರಾನ್ ಬಂದ್ವು. ಗಮನಿಸಿ, ಇವೆಲ್ಲ ಲಿವರಲ್ಲಿ ತಯಾರಾಗೋ ಪ್ರೋಟೀನ್ ಮೇಲೇ ಕೆಲಸ ಮಾಡೋದು. ಮೆದುಳು, ಶ್ವಾಸಕೋಶ, ಸ್ನಾಯು ಇವಕ್ಕೆ ಅಷ್ಟೇ ಸಲೀಸಾಗಿ ತಲುಪೋ ದಾರಿಗಾಗಿ ಕೆಲಸ ನಡೀತಾ ಇದೆ.

ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತಾ ಇದು?

ಈ ಔಷಧಿಗಳಿಂದ ಇಲ್ಲ, ಡಿಎನ್‌ಎ ಬದಲಾಗಲ್ಲ. ಸಿ. ಎಲೆಗನ್ಸ್ ಹುಳದಲ್ಲಿ ಮಾತ್ರ ಕೆಲವು ಜೀನ್‌ಗಳ ವಿಷಯದಲ್ಲಿ ತಾಯಿಗೆ ಕೊಟ್ಟಿದ್ದರ ಪರಿಣಾಮ ಮುಂದಿನ ಹಲವು ತಲೆಮಾರಿಗೆ ಹೋಗೋದುಂಟು, ಯಾಕಂದ್ರೆ ಆ ಹುಳಕ್ಕೆ ಸಣ್ಣ ಆರ್‌ಎನ್‌ಎನ ತಾನೇ ಹೆಚ್ಚಿಸ್ಕೊಳೋ ಕಿಣ್ವ ಇದೆ. ನಮಗೆ ಆ ವ್ಯವಸ್ಥೆ ಇಲ್ಲ.

## ಲ್ಯಾಬಲ್ಲಿ ಮಾಡೋರಿಗೆ

ಸರ್, ಪ್ರಾಣಿಯಲ್ಲಿ ಬದಲಾವಣೆ ಕಾಣಿಸ್ತು, ಅದು ನನ್ನ ಜೀನಿಂದಲೇ ಅಂತ ಹೇಗೆ ಹೇಳೋದು?

ಇಲ್ಲಿ ಅವಸರ ಬೇಡ, ದೊಡ್ಡ ದೊಡ್ಡೋರು ಎಡವಿದ ಜಾಗ ಇದು. ಸಣ್ಣ ಆರ್‌ಎನ್‌ಎಯ 2ರಿಂದ 8ನೇ ಅಕ್ಷರದ ಭಾಗ ಬೇರೆ ಮೆಸೆಂಜರ್‌ಗೆ ಹೊಂದಿದ್ರೂ ಸಾಕು, ಮೈಕ್ರೋ ಆರ್‌ಎನ್‌ಎ ತರ ಅದನ್ನೂ ತಗ್ಗಿಸಿಬಿಡುತ್ತೆ. ಅದಕ್ಕೆ ಒಂದೇ ಜೀನಿನ ಬೇರೆ ಬೇರೆ ಭಾಗಕ್ಕೆ ಕನಿಷ್ಠ ಎರಡು ಆರ್‌ಎನ್‌ಎ ಮಾಡಿ, ಎರಡರಲ್ಲೂ ಅದೇ ಫಲಿತಾಂಶ ಬರ್ಬೇಕು. ಹೋಲಿಸಿ ನೋಡೋಕೆ ಅಕ್ಷರಗಳನ್ನ ಅಡ್ಡಾದಿಡ್ಡಿ ಕಲಸಿದ, ಯಾವ ಜೀನಿಗೂ ಹೊಂದದ ಆರ್‌ಎನ್‌ಎ ಕಂಟ್ರೋಲ್ ಆಗಿ ಇರ್ಲಿ. ಆಗೋದಾದ್ರೆ, ಆರ್‌ಎನ್‌ಎ ಹಿಡಿಯಲಾಗದ ಹಾಗೆ ಅಕ್ಷರ ಬದಲಿಸಿದ ಅದೇ ಜೀನನ್ನ ವಾಪಸ್ ಕೊಟ್ಟು ಪ್ರಾಣಿ ಸರಿ ಆಗುತ್ತಾ ನೋಡಿ, ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಮೆಸೆಂಜರ್ ಇಳಿದಿದ್ದು ಕ್ಯೂಪಿಸಿಆರ್‌ನಲ್ಲಿ, ಪ್ರೋಟೀನ್ ಇಳಿದಿದ್ದು ವೆಸ್ಟರ್ನ್ ಬ್ಲಾಟಲ್ಲಿ, ಎರಡೂ ನೋಡ್ಬೇಕು. ಮೆಸೆಂಜರ್ ಒಂದು ದಿನದಲ್ಲೇ ಇಳಿದಿದ್ರೂ ಗಟ್ಟಿ ಪ್ರೋಟೀನ್ ವಾರಗಟ್ಟಲೆ ಉಳಿದಿರಬಹುದು.

ಎರಡು ಪಾಠಗಳನ್ನ ಎಲ್ಲಾ ವಿದ್ಯಾರ್ಥಿಗಳಿಗೂ ಓದಿಸ್ತೀನಿ. ಒಂದು, ಕಣ್ಣಿನ ಹಿಂಭಾಗದಲ್ಲಿ ಹೊಸ ರಕ್ತನಾಳ ಬೆಳೆಯೋದನ್ನ ತಡೆಯೋಕೆ, ರಕ್ತನಾಳ ಬೆಳೆಸೋ ವಿಇಜಿಎಫ್ ಜೀನಿನ ಎಸ್‌ಐ ಆರ್‌ಎನ್‌ಎ ಕೊಡ್ತಾ ಇದ್ರು, ಪರಿಣಾಮ ಚೆನ್ನಾಗೇ ಇತ್ತು. 2008ರಲ್ಲಿ ಇಲಿಗಳ ಮೇಲೆ ನೋಡಿದ್ರೆ, ಯಾವ ಜೀನಿಗೂ ಹೊಂದದ ಆರ್‌ಎನ್‌ಎ ಕೊಟ್ರೂ ಅಷ್ಟೇ ಪರಿಣಾಮ! ಜೀವಕೋಶದ ಮೇಲಿರೋ ಟಿಎಲ್‌ಆರ್3 ಅನ್ನೋ ರಿಸೆಪ್ಟರ್ ಆರ್‌ಎನ್‌ಎನ ಮುಟ್ಟಿ ಎಚ್ಚರ ಆಗ್ತಿತ್ತು, ಅಷ್ಟೆ. ಎರಡು, 2006ರಲ್ಲಿ ವೈರಸ್ ಮೂಲಕ ಇಲಿಯ ಲಿವರಿಗೆ ಶಾರ್ಟ್ ಹೇರ್‌ಪಿನ್ ಆರ್‌ಎನ್‌ಎ (ತಾನೇ ಮಡಚ್ಕೊಂಡು ಜೋಡಿ ಎಳೆ ಆಗೋದು) ಕೊಟ್ಟ ಪ್ರಯೋಗ. 49 ಬಗೆ ಪರೀಕ್ಷೆ ಮಾಡಿದ್ರು, 36ರಲ್ಲಿ ಲಿವರ್ ಕೆಟ್ಟಿತು, 23ರಲ್ಲಿ ಕೊನೆಗೆ ಇಲಿಗಳು ಸತ್ತವು. ಸಣ್ಣ ಆರ್‌ಎನ್‌ಎಗಳನ್ನ ನ್ಯೂಕ್ಲಿಯಸ್ಸಿಂದ ಹೊರಗೆ ಸಾಗಿಸೋ ಎಕ್ಸ್‌ಪೋರ್ಟಿನ್-5 ದಾರಿಯೆಲ್ಲ ಇವೇ ತುಂಬ್ಕೊಂಡು ಇಲಿಯ ಸ್ವಂತ ಮೈಕ್ರೋ ಆರ್‌ಎನ್‌ಎಗಳಿಗೆ ಜಾಗ ಇಲ್ಲದಂತಾಯ್ತು. ಜಾಸ್ತಿ ಕೊಟ್ರೆ ಜಾಸ್ತಿ ಒಳ್ಳೇದು ಅನ್ನೋ ಲೆಕ್ಕ ಇಲ್ಲಿ ಇಲ್ಲ.

ಹುಳದ ನರಕೋಶದಲ್ಲಿ ಮಾತ್ರ ಫೀಡಿಂಗ್ ಹಿಡೀತಾನೇ ಇಲ್ಲ, ಏನ್ ಮಾಡ್ಲಿ?

ಫೀಡಿಂಗ್, ಅಂದ್ರೆ ಬ್ಯಾಕ್ಟೀರಿಯಾ ತಿನ್ನಿಸೋ ವಿಧಾನ, ಸಾಮಾನ್ಯ ತಳಿಯಲ್ಲಿ ಹಿಡಿಯೋದು ಕಷ್ಟವೇ, ಸಿ. ಎಲೆಗನ್ಸ್ ನರಗಳು ಇದಕ್ಕೆ ಜಗ್ಗಲ್ಲ. ಆರ್‌ಆರ್‌ಎಫ್-3 ಅಥವಾ ಇಆರ್‌ಐ-1 ರೂಪಾಂತರಿ ತಳಿ ತರಿಸ್ಕೊಳಿ, ಅವು ಇದಕ್ಕೆ ಬೇಗ ಜಗ್ತವೆ. ಅಥವಾ ನರಕೋಶದಲ್ಲಿ ಸಿಡ್-1 ಜಾಸ್ತಿ ಇರೋ ತಳಿ.

ಪರ್ಮಿಷನ್ ಯಾರ ಹತ್ರ ತಗೋಬೇಕು?

ಇಲಿ ಮೊಲದಂಥ ಪ್ರಾಣಿ ಆದ್ರೆ ಸಿಸಿಎಸ್‌ಇಎ (ಪ್ರಾಣಿ ಪ್ರಯೋಗಗಳನ್ನ ನಿಯಂತ್ರಿಸೋ ಕೇಂದ್ರ ಸರ್ಕಾರದ ಸಮಿತಿ) ನೋಂದಣಿ ಇರೋ ಪ್ರಾಣಿಗೃಹ ಬೇಕು, ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪಬೇಕು. ಜೀನ್ ಸೇರಿಸಿದ ಬ್ಯಾಕ್ಟೀರಿಯಾ, ವೈರಸ್ ಬಳಸೋದಾದ್ರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಗೆ ತಿಳಿಸ್ಬೇಕು, ಹುಳದ ಫೀಡಿಂಗ್‌ಗೂ ಇದು ಅನ್ವಯ ಆಗುತ್ತೆ.

ನಮ್ಮ ಕಾಲೇಜಲ್ಲಿ ಅಷ್ಟೆಲ್ಲ ಸೌಕರ್ಯ ಇಲ್ಲ, ಪ್ರಾಜೆಕ್ಟಿಗೆ ಯಾವ ಪ್ರಾಣಿ ತಗೊಳ್ಲಿ?

ರವೆ ಡಬ್ಬದಲ್ಲಿ ಬರೋ ಕೆಂಪು ಹುಳ, ಟ್ರೈಬೋಲಿಯಂ. ಗೋಧಿ ಹಿಟ್ಟಿಗೆ ಸ್ವಲ್ಪ ಯೀಸ್ಟ್ ಬೆರೆಸಿ ಬಿಟ್ರೆ ತಾನೇ ಬೆಳೆಯುತ್ತೆ, ಜೀನೋಮ್ ಪೂರ್ತಿ 2008ರಲ್ಲೇ ಪ್ರಕಟ ಆಗಿದೆ, ಆರ್‌ಎನ್‌ಎ ಮೈಯೆಲ್ಲಾ ಹರಡುತ್ತೆ, ಹೆಣ್ಣಿನ ಪ್ಯೂಪಾಗೆ ಚುಚ್ಚಿದ್ರೆ ಪರಿಣಾಮ ಅದರ ಮರಿಗಳಲ್ಲೂ ಕಾಣುತ್ತೆ. ಬೇಕಾಗೋದು ಒಂದು ಸ್ಟೀರಿಯೋ ಮೈಕ್ರೋಸ್ಕೋಪ್, ಎಳೆದು ಚೂಪು ಮಾಡಿದ ಗಾಜಿನ ಸೂಜಿ, ಮತ್ತೆ ಅಲುಗಾಡದ ಕೈ. ಮೊದಲ ಜೀನ್ ಲ್ಯಾಕೇಸ್-2 ತಗೊಳಿ. ಮೈ ಕವಚ ಗಟ್ಟಿ ಆಗೋಕೆ, ಬಣ್ಣ ಬರೋಕೆ ಬೇಕಾದ ಕಿಣ್ವ ಅದು. ಕೊನೆ ಹಂತದ ಮರಿಗೆ ಅಥವಾ ಪ್ಯೂಪಾಗೆ ಚುಚ್ಚಿ ಬಿಡಿ, ಕಂಟ್ರೋಲ್ ಡಬ್ಬದ ಹುಳ ಕೆಂಗಂದು ಆಗುತ್ತೆ, ನಿಮ್ಮದು ಬೆಳ್ಳಗೆ ಮೆತ್ತಗೇ ಉಳಿಯುತ್ತೆ, ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತೆ. ಆರ್‌ಎನ್‌ಎ ಇಲ್ಲದ ಬರೀ ಬಫರ್ ದ್ರಾವಣ ಚುಚ್ಚಿದ ಗುಂಪು ಒಂದು, ಏನೂ ಚುಚ್ಚದ ಗುಂಪು ಒಂದು ಪಕ್ಕದಲ್ಲಿ ಇಟ್ಕೊಳೋದು ಮರೀಬೇಡಿ, ಸೂಜಿ ಗಾಯಕ್ಕೇ ಸಾಯೋ ಹುಳ ಎಷ್ಟು ಅಂತ ಗೊತ್ತಾಗೋದು ಅವುಗಳಿಂದಲೇ.